ಗಾಡಿಯ ಹಳೆಯ ಬಾಡಿ, ಹೊಸ ಹಾಸು ಮತ್ತು ತುಕ್ಕಿನ ವಿಜ್ಞಾನ

ಲಕ್ಷ್ಮೇಶ್ವರದ ಕಡೆಯ ನನ್ನ ಪರಿಚಯದ ರೈತರೊಬ್ಬರ ಬಳಿ ಹಳೆಯ ಪಿಕಪ್ ಗಾಡಿಯೊಂದಿದೆ. ಹೊಲದಿಂದ ಗದಗಿನ ಮಾರುಕಟ್ಟೆಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂದಿರುಗುವಾಗ ಗೊಬ್ಬರದ ಚೀಲ. ಇದು ಅದರ ದುಡಿಮೆ. ಕಳೆದ ಸುಗ್ಗಿಯಲ್ಲಿ ಚೀಲ ಹೇರುತ್ತಿದ್ದ ಹಮಾಲರೊಬ್ಬರ ಕಾಲು ಬಾಡಿಯ ತಗಡನ್ನು ತೂರಿಕೊಂಡು ಮೊಳಕಾಲಿನವರೆಗೂ ಕೆಳಗಿಳಿಯಿತು. ಪುಣ್ಯಕ್ಕೆ ತರಚಿದ ಗಾಯದಲ್ಲೇ ಮುಗಿಯಿತು. ಮೇಲಿನ ಬಣ್ಣ ಚೆನ್ನಾಗಿಯೇ ಇತ್ತು. ಅದರಡಿಯ ಕಬ್ಬಿಣ ಮಾತ್ರ ಉಳಿದಿರಲಿಲ್ಲ.

ಡಬ್ಬಿಯಂಥ ಹಳೆಯ ಬಾಡಿಯನ್ನು ಕಿತ್ತುಹಾಕಿ, ಊರಿನ ವೆಲ್ಡಿಂಗ್ ಅಂಗಡಿಯವರ ನೆರವಿನಿಂದ ಚಪ್ಪಟೆಯಾದ ಹೊಸ ಹಾಸನ್ನು, ಅಂದರೆ ಫ್ಲ್ಯಾಟ್‌ಬೆಡ್ಡನ್ನು, ತಾವೇ ಕಟ್ಟಿಸಲು ಅವರು ನಿರ್ಧರಿಸಿದರು. ಆಗ ನನ್ನೆದುರು ಎರಡು ಪ್ರಶ್ನೆ ಇಟ್ಟರು. ಮೊದಲನೆಯದು: "ಸರ್, ನಮ್ಮ ಕಡೆ ಮಳೀನ ಕಡಿಮಿ. ಆದ್ರೂ ಗಾಡಿಗೆ ಇಷ್ಟು ತುಕ್ಕು ಯಾಕ್ ಹಿಡೀತೈತ್ರಿ?" ಎರಡನೆಯದು: "ಹೆಂಗೂ ಹೊಸಾದು ಮಾಡ್ತೀವಲ್ರಿ, ಹಿಂದಕ್ಕ ಎರಡು ಫೂಟು ಉದ್ದ ಮಾಡಿದ್ರ ನಾಕು ಚೀಲ ಹೆಚ್ಚಿಗಿ ಹಿಡಿಸ್ತಾವಲ್ರಿ?" ಈ ಎರಡಕ್ಕೂ ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಮಳೆ ಕಡಿಮೆ, ತುಕ್ಕು ಏಕೆ ಹೆಚ್ಚು?

ಗದಗ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಕರಾವಳಿಯಲ್ಲಿ ಅದು 3,000 ಮಿ.ಮೀ. ಮೀರುತ್ತದೆ. ಆದರೆ ತುಕ್ಕಿಗೆ ಮುಖ್ಯವಾದುದು ಎಷ್ಟು ನೀರು ಬಿತ್ತು ಎಂಬುದಲ್ಲ, ಎಷ್ಟು ಹೊತ್ತು ನಿಂತಿತು ಎಂಬುದು. ಇಲ್ಲಿನ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ ಹೇರಳವಾಗಿದೆ. ಅದರ ಅಣುಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುವುದನ್ನು ನೀವು ನೋಡಿಯೇ ಇದ್ದೀರಿ. ಬಾಡಿಯ ಅಡಿಯಲ್ಲಿ, ತಗಡಿಗೆ ಅಡ್ಡಪಟ್ಟಿ ಕೂಡುವ ಸಂದಿನಲ್ಲಿ ಈ ಮಣ್ಣು ಮೆತ್ತಿಕೊಂಡರೆ ಒದ್ದೆ ಗೋಣಿಯಂತೆ ದಿನಗಟ್ಟಲೆ ತೇವ ಹಿಡಿದಿಡುತ್ತದೆ.

ಇದಕ್ಕೆ ಗೊಬ್ಬರ ಜೊತೆಯಾಗುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಮಾರುವ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಮ್ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ಬಂಧು. ಚೀಲದಿಂದ ಸೋರಿದ ಹುಡಿ ತೇವದಲ್ಲಿ ಕರಗಿ, ನೀರನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿ ಮಾಡುತ್ತದೆ. ಕ್ಲೋರೈಡ್ ಅಯಾನುಗಳು ಕಬ್ಬಿಣದ ಮೇಲಿನ ತೆಳುವಾದ ರಕ್ಷಾಪೊರೆಯನ್ನೂ ಒಡೆಯುತ್ತವೆ. ಹೀಗೆ ಒಣನಾಡಿನ ಗಾಡಿಯ ಅಡಿಯಲ್ಲಿ ಒಂದು ಪುಟ್ಟ ಕರಾವಳಿ ಸಿದ್ಧವಾಗುತ್ತದೆ!

ಹನಿಯೊಳಗಿನ ವಿದ್ಯುತ್ಕೋಶ

ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆ. ಇದನ್ನು ತರಗತಿಯಲ್ಲೇ ತೋರಿಸಬಹುದು. 1920ರ ದಶಕದಲ್ಲಿ ಕೇಂಬ್ರಿಡ್ಜಿನ ಯು. ಆರ್. ಇವಾನ್ಸ್ ಪ್ರಸಿದ್ಧಗೊಳಿಸಿದ ಪ್ರಯೋಗವಿದು. 100 ಮಿ.ಲೀ. ನೀರಿನಲ್ಲಿ 3 ಗ್ರಾಂ ಉಪ್ಪು ಕರಗಿಸಿ. ಅದಕ್ಕೆ ಚಿಟಿಕೆ ಪೊಟ್ಯಾಸಿಯಮ್ ಫೆರಿಸಯನೈಡ್ ಹಾಗೂ ಕೆಲವು ಹನಿ ಫಿನಾಫ್ತಲೀನ್ ಸೇರಿಸಿ. (ಫೆರಿಸಯನೈಡನ್ನು ಕಾಯಿಸಬಾರದು, ಆಮ್ಲದೊಡನೆ ಬೆರೆಸಬಾರದು.) ಮರಳು ಕಾಗದದಿಂದ ಉಜ್ಜಿ ಹೊಳಪಾಗಿಸಿದ ಕಬ್ಬಿಣದ ತಗಡಿನ ಮೇಲೆ ಇದರ ದೊಡ್ಡ ಹನಿಯೊಂದನ್ನು ಇಡಿ.

ಮೊದಲು ಅಲ್ಲಲ್ಲಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅವು ವಿಂಗಡವಾಗಿ ಹನಿಯ ನಡುಭಾಗ ನೀಲಿಯಾಗಿ, ಅಂಚು ಗುಲಾಬಿಯಾಗಿ ನಿಲ್ಲುತ್ತದೆ. ನೀಲಿ ಇದ್ದಲ್ಲಿ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನುಗಳನ್ನು ಬಿಟ್ಟು ಅಯಾನುಗಳಾಗಿ ಕರಗುತ್ತಿವೆ. ಗುಲಾಬಿ ಇದ್ದಲ್ಲಿ ಗಾಳಿಯ ಆಕ್ಸಿಜನ್ ನೀರಿನೊಡನೆ ಆ ಇಲೆಕ್ಟ್ರಾನುಗಳನ್ನು ಪಡೆದು ಹೈಡ್ರಾಕ್ಸೈಡ್ ಅಯಾನುಗಳಾಗುತ್ತಿದೆ. ಇವೆರಡೂ ಸಂಧಿಸುವೆಡೆ ಕಂದು ತುಕ್ಕಿನ ಉಂಗುರ ಮೂಡುತ್ತದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಆಕ್ಸಿಜನ್ ಹೆಚ್ಚು ಸಿಗುವುದು ಅಂಚಿನಲ್ಲಿ. ಆದರೆ ಕಬ್ಬಿಣ ಸವೆಯುವುದು ಆಕ್ಸಿಜನ್ ಕಡಿಮೆ ಇರುವ ನಡುಭಾಗದಲ್ಲಿ! ಗಾಡಿಯಲ್ಲಿ ಆಗುವುದೂ ಇದೇ. ಗಾಳಿಗೆ ತೆರೆದ ಭಾಗವಲ್ಲ, ಮಣ್ಣಿನಡಿ ಮುಚ್ಚಿದ ಭಾಗ, ಮಡಿಕೆಯ ಒಳಭಾಗ, ಬಣ್ಣದ ಪೊರೆಯ ಅಡಿಭಾಗ ಮೊದಲು ತೂತಾಗುತ್ತದೆ. ಕಣ್ಣಿಗೆ ಕಾಣುವ ತುಕ್ಕಿಗಿಂತ ಕಾಣದ ತುಕ್ಕು ಹೆಚ್ಚು ಅಪಾಯಕಾರಿ.

ತೇಪೆ ಏಕೆ ಸಾಲದು?

ತೂತಾದ ಜಾಗಕ್ಕೆ ಹೊಸ ತಗಡು ಬೆಸೆದು ಬಣ್ಣ ಬಳಿದರೆ ಆಗದೇ? ಹಳೆಯ ತುಕ್ಕಿನ ಮೇಲೆ ತೇಪೆ ಹಾಕಿದರೆ ಎರಡು ತಗಡುಗಳ ನಡುವೆ ಗಾಳಿಯಾಡದ ಹೊಸ ಸಂದು ಸೃಷ್ಟಿಯಾಗುತ್ತದೆ. ಅಂದರೆ ಹನಿಯ ನೀಲಿ ನಡುಭಾಗವನ್ನು ನಾವೇ ಕಟ್ಟಿಕೊಟ್ಟಂತೆ. ಜೊತೆಗೆ ತುಕ್ಕಿಗೆ ಹೆಚ್ಚು ಜಾಗ ಬೇಕು. ಕಬ್ಬಿಣ ಗೋಥೈಟ್ ಎಂಬ ಬಗೆಯ ತುಕ್ಕಾದಾಗ ಅದರ ಗಾತ್ರ ಸುಮಾರು 3 ಪಟ್ಟಾಗುತ್ತದೆ. ಸಂದಿನೊಳಗೆ ಉಬ್ಬುವ ಈ ತುಕ್ಕು ಬೆಣೆಯಂತೆ ತಗಡುಗಳನ್ನು ಬೇರ್ಪಡಿಸಿ ಬೆಸುಗೆಯನ್ನೇ ಬಿಡಿಸುತ್ತದೆ.

ತಗಡು ತೆಳುವಾದಂತೆ ಬಲ ಕುಗ್ಗುವ ರೀತಿಯೂ ನಾವಂದುಕೊಂಡಂತಿಲ್ಲ. ಬಾಗುವ ತಗಡಿನ ಬಲ ದಪ್ಪದ ವರ್ಗಕ್ಕೆ, ಪೆಡಸುತನ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ಬಲ ಕಾಲು ಭಾಗಕ್ಕೆ, ಪೆಡಸುತನ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಮಾಲರ ಕಾಲು ಒಳಗಿಳಿದುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಹಾಸಿನ ಲೆಕ್ಕ

ಹಾಗಾದರೆ ದಪ್ಪ ತಗಡನ್ನೇ ಹಾಕಿಬಿಡೋಣವೇ? ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕಿ.ಗ್ರಾಂ. ತೂಗುತ್ತದೆ. 2.5 ಮೀಟರ್ ಉದ್ದ, 1.7 ಮೀಟರ್ ಅಗಲದ ಹಾಸಿಗೆ 3 ಮಿ.ಮೀ. ತಗಡು ಹಾಕಿದರೆ ತಗಡೊಂದೇ 100 ಕಿ.ಗ್ರಾಂ., 2 ಮಿ.ಮೀ. ಆದರೆ 67 ಕಿ.ಗ್ರಾಂ. ಗಾಡಿಯ ಒಟ್ಟು ತೂಕದ ಮಿತಿ ನಿಗದಿಯಾಗಿರುವುದರಿಂದ ಹಾಸಿಗೆ ಕೂಡಿಸಿದ ಪ್ರತಿ ಕಿಲೋ ಸರಕಿನಿಂದ ಕಳೆದ ಕಿಲೋ.

ಬಲ ಬರಬೇಕಾದುದು ತಗಡಿನಿಂದಲ್ಲ, ಅದರಡಿಯ ತೊಲೆಗಳಿಂದ. ನಿಮ್ಮ 30 ಸೆಂ.ಮೀ. ಅಳತೆಪಟ್ಟಿಯನ್ನು ಮೇಜಿನಂಚಿನಿಂದ ಅರ್ಧ ಹೊರಚಾಚಿ ಒತ್ತಿ ನೋಡಿ. ಮಲಗಿಸಿದಾಗ ಸುಲಭವಾಗಿ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿದಾಗ ಬಾಗುವುದೇ ಇಲ್ಲ. ಪಟ್ಟಿಯ ಅಗಲ 30 ಮಿ.ಮೀ., ದಪ್ಪ 3 ಮಿ.ಮೀ. ಆಗಿದ್ದರೆ ನಿಲ್ಲಿಸಿದಾಗಿನ ಪೆಡಸುತನ 100 ಪಟ್ಟು! ಚಾನೆಲನ್ನು ನಿಲ್ಲಿಸಿಯೇ ಬಳಸುವುದು ಇದಕ್ಕಾಗಿ.

ಆಂಗಲ್ ಪಟ್ಟಿಯನ್ನು ಇಡುವ ಬಗೆಯೂ ಮುಖ್ಯ. ಅದರ ಅಡ್ಡರೆಕ್ಕೆ ಮೇಲಿದ್ದರೆ ಕೊಡೆಯಾಗುತ್ತದೆ, ಕೆಳಗಿದ್ದರೆ ಕೆಸರು ನಿಲ್ಲುವ ದೋಣಿಯಾಗುತ್ತದೆ. ಪೊಳ್ಳು ಚೌಕ ಪೈಪು ಬಳಸಿದರೆ ತುದಿಗಳನ್ನು ಪೂರ್ತಿ ಬೆಸೆದು ಮುಚ್ಚಬೇಕು, ಇಲ್ಲವೇ ಕೆಳಬದಿಗೆ ನೀರು ಇಳಿಯುವ ರಂಧ್ರ ಬಿಡಬೇಕು.

ಭಾರ ಎಲ್ಲಿ ಕೂರಬೇಕು?

ಈಗ ಎರಡನೆಯ ಪ್ರಶ್ನೆ. ಹಿಂದಿನ ಅಚ್ಚನ್ನು ಆಧಾರಬಿಂದುವೆಂದು ಭಾವಿಸಿದರೆ ಗಾಡಿಯೇ ಒಂದು ಸನ್ನೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರ 3 ಮೀಟರ್, ಸರಕು 1,000 ಕಿ.ಗ್ರಾಂ. ಎನ್ನೋಣ. ಸರಕಿನ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ 20 ಸೆಂ.ಮೀ. ಮುಂದಿದ್ದರೆ ಮುಂಗಾಲಿಗಳ ಮೇಲೆ ಬೀಳುವ ಹೆಚ್ಚುವರಿ ಭಾರ 1,000 × 20 ÷ 300, ಅಂದರೆ ಸುಮಾರು 67 ಕಿ.ಗ್ರಾಂ.

ಹಾಸನ್ನು ಎರಡು ಅಡಿ, ಅಂದರೆ 60 ಸೆಂ.ಮೀ., ಹಿಂದಕ್ಕೆ ಬೆಳೆಸಿ ಸರಕನ್ನು ಸಮನಾಗಿ ಹರಡಿದರೆ ಗುರುತ್ವಕೇಂದ್ರ 30 ಸೆಂ.ಮೀ. ಹಿಂದೆ ಸರಿದು, ಅಚ್ಚನ್ನು ದಾಟಿ 10 ಸೆಂ.ಮೀ. ಆಚೆ ನಿಲ್ಲುತ್ತದೆ. ಈಗ ಅದೇ ಸರಕು ಮುಂಗಾಲಿಗಳನ್ನು ಒತ್ತುವ ಬದಲು 33 ಕಿ.ಗ್ರಾಂ.ನಷ್ಟು ಮೇಲೆತ್ತುತ್ತದೆ. ವ್ಯತ್ಯಾಸ 100 ಕಿ.ಗ್ರಾಂ.! ಗಾಡಿಯನ್ನು ತಿರುಗಿಸುವುದು ಮುಂಗಾಲಿಗಳ ಘರ್ಷಣೆ. ಘರ್ಷಣೆ ಬರುವುದು ಒತ್ತಡದಿಂದ. ಅದು ತಗ್ಗಿದರೆ ಕೆಸರು ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ಹೋಗಬಹುದು.

ಇನ್ನೊಂದು ಸಂಗತಿ. ಚಪ್ಪಟೆ ಹಾಸು ಗಾಲಿಗಳ ಮೇಲಿಂದ ಹಾಯಬೇಕಾದ್ದರಿಂದ ಹಳೆಯ ನೆಲಕ್ಕಿಂತ ಎತ್ತರದಲ್ಲಿ ಕೂರುತ್ತದೆ, ಗುರುತ್ವಕೇಂದ್ರವೂ ಏರುತ್ತದೆ. ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಗಾಲಿಯ ಏರಿಳಿತಕ್ಕೆ ಬೇಕಾದಷ್ಟೇ ಎತ್ತರ ಕೊಟ್ಟು, ಅದಕ್ಕಿಂತ ಹೆಚ್ಚು ಎತ್ತರಿಸಬಾರದು. ಪಕ್ಕದ ಗೋಡೆಗಳಿಲ್ಲದ ಕಾರಣ ಹಗ್ಗ ಬಿಗಿಯಲು ಗಟ್ಟಿ ಕೊಂಡಿಗಳೂ ಬೇಕು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆ ರೈತರು ಎರಡು ಅಡಿಯ ಆಸೆಯನ್ನು ಕೈಬಿಟ್ಟರು. ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶನಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೆಲಸ ಆರಂಭಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಬೆಸುಗೆ ಮತ್ತು ಬಣ್ಣ

ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಿ, ಇಂಧನದ ಟ್ಯಾಂಕು ಮತ್ತು ಕೊಳವೆಗಳನ್ನು ದೂರವಿಡಿ. ಚಾಸಿಗೆ ನೇರವಾಗಿ ಬೆಸೆಯುವ, ಅದರ ರೆಕ್ಕೆಗಳಲ್ಲಿ ರಂಧ್ರ ಕೊರೆಯುವ ಬದಲು ಮೊದಲಿನಿಂದ ಇರುವ ರಂಧ್ರಗಳಿಗೆ ಬೋಲ್ಟು ಹಾಕುವುದು ಮೇಲು. ಸತು ಲೇಪಿತ ಪೈಪಾದರೆ ಬೆಸೆಯುವೆಡೆ ಲೇಪ ಉಜ್ಜಿ ತೆಗೆದು, ಬಯಲಿನಲ್ಲೇ ಕೆಲಸ ಮಾಡಬೇಕು. ಸತುವಿನ ಆಕ್ಸೈಡಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಸತುವಿನ ಉಪಕಾರವೂ ದೊಡ್ಡದು. ಅದರ ಪ್ರಮಾಣಿತ ವಿದ್ಯುದ್ವಿಭವ -0.76 ವೋಲ್ಟ್, ಕಬ್ಬಿಣದ್ದು -0.44 ವೋಲ್ಟ್. ಹಾಗಾಗಿ ಎರಡೂ ತಾಗಿಕೊಂಡಿದ್ದರೆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವಿನ ಹುಡಿ ಹೆಚ್ಚಿರುವ ಪ್ರೈಮರಿನ ತತ್ತ್ವ ಇದೇ. ನಮ್ಮ ಪೇಟೆಯ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ. ಆಗಲೇ ಆಕ್ಸಿಜನ್ ಕೂಡಿದ ವಸ್ತು ಮತ್ತೆ ತುಕ್ಕು ಹಿಡಿಯದು! ಯಾವುದನ್ನು ಬಳಿದರೂ ಸಡಿಲ ತುಕ್ಕನ್ನು ಪೂರ್ತಿ ಉಜ್ಜಿ, ಒಣಗಿಸಿದ ಮೇಲೆಯೇ ಬಳಿಯಬೇಕು.

ಕಪ್ಪತಗುಡ್ಡದ ಕೆಂಪು ಮಣ್ಣನ್ನು ಒಮ್ಮೆ ನೆನೆಸಿಕೊಳ್ಳಿ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಅಂಥ ಅದಿರಿಗೆ ಅಪಾರ ಶಕ್ತಿ ವ್ಯಯಿಸಿ ಆಕ್ಸಿಜನ್ನನ್ನು ಬೇರ್ಪಡಿಸಿ ನಾವು ಉಕ್ಕು ಪಡೆಯುತ್ತೇವೆ. ಸಂದರ್ಭ ಸಿಕ್ಕಾಗಲೆಲ್ಲ ಅದು ತನ್ನ ಹಳೆಯ ರೂಪಕ್ಕೆ ಮರಳಲು ಹವಣಿಸುತ್ತದೆ. ಅದನ್ನು ಶಾಶ್ವತವಾಗಿ ತಡೆಯಲಾಗದು, ನಿಧಾನಿಸಬಹುದು. ಅದಕ್ಕೆ ಬೇಕಾದುದು ದುಬಾರಿ ಬಣ್ಣವಲ್ಲ, ನೀರು ನಿಲ್ಲದ ವಿನ್ಯಾಸ ಮತ್ತು ಒಂದು ಬಕೆಟ್ ನೀರು. ಗೊಬ್ಬರ ಇಳಿಸಿದ ದಿನ ಹಾಸನ್ನೂ ಅದರ ಅಡಿಯನ್ನೂ ತೊಳೆದು ಒಣಗಲು ಬಿಟ್ಟರೆ ಸಾಕು. ನಿಮ್ಮ ಮನೆಯ ಮುಂದೆ ಇಂಥ ಗಾಡಿ ನಿಂತಾಗ ಮೇಲಿನ ಬಣ್ಣ ನೋಡಿ ಸುಮ್ಮನಾಗಬೇಡಿ. ವಿದ್ಯಾರ್ಥಿಗಳೊಡನೆ ಬಗ್ಗಿ ಅದರ ಅಡಿಯನ್ನು ನೋಡಿ. ಪಾಠ ಅಲ್ಲಿದೆ.