ಕೌದಿಯೊಳಗಿನ ಟಾಕಿ

ಸುರಪುರದ ಮಿಸ್ತ್ರಿ ಕಾಕಾ ಹಳೇ ಯೆಜ್ಡಿ ಬೈಕಿನ ಪೆಟ್ರೋಲ್ ಟಾಕಿಯನ್ನು ಕೌದಿಯಲ್ಲಿ ಸುತ್ತಿ ಕೂಸಿನಂತೆ ತೂಗುತ್ತಾರೆ ಎಂದು ಶಹಾಪುರದಲ್ಲಿ ಕೇಳಿದೆ. ಅದನ್ನು ನೋಡಲೆಂದೇ ಹೋದೆ.

ಕೌದಿಯ ಎರಡು ತುದಿ ಇಬ್ಬರು ಹಿಡಿದು ಆಚೆ ಈಚೆ ತೂಗುತ್ತಿದ್ದರು. ಒಳಗೆ ಗಲಗಲ ಸದ್ದು, ಸೈಕಲ್ ಚೈನಿನದು. ‘ನಟ್ಟು, ಕಡಿ ಹಾಕಿದ್ರ ಒಂದೆರಡು ಒಳಗೇ ಉಳೀತಾವ. ಚೈನು ಹ್ಯಾಂಗ ಹೋಗ್ಯಾದ ಹಾಂಗ ಹೊರಗ ಬರ್ತದ ನೋಡ್ರಿ’ ಎಂದರು ಕಾಕಾ. ಚೈನಿನ ಹೊಡೆತಕ್ಕೆ ಒಳಗಿನ ಜಂಗು ಉದುರುತ್ತದೆ, ಹೊರಗಿನ ಬಣ್ಣಕ್ಕೆ ಕೌದಿಯ ಕಾವಲು. ಅವರ ತಾಯಿ ಹಳೇ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಅದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಾದವು. 1996ಕ್ಕೆ ಬಾಗಿಲು ಬಿತ್ತು. ಯಾದಗಿರಿ ಸೀಮೆಯ ದನದ ಕೊಟ್ಟಿಗೆಗಳಲ್ಲಿ ಜೋಳದ ಕಣಿಕೆಯ ಹಿಂದೆ ನಿಂತಿರುವವು ಆ ಕಾಲದ ಗಾಡಿಗಳು.

ಇಂಥ ಹಳೇ ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಓಡುತ್ತಿರುವತನಕ ಆ ಜಿಡ್ಡೇ ತಗಡನ್ನು ಕಾಯುತ್ತದೆ. ಅರ್ಧ ಖಾಲಿ ಟಾಕಿಯನ್ನು ವರ್ಷಗಟ್ಟಲೆ ನಿಲ್ಲಿಸಿದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿ ಬೆವರುತ್ತದೆ. ಈಗಿನ ಪೆಟ್ರೋಲಿನ ಎಥನಾಲ್ ಬೇರೆ ನೀರನ್ನು ಎಳೆದುಕೊಳ್ಳುತ್ತದೆ.

ಹೀಗೆ ಹಿಡಿದ ಜಂಗು ತೆಗೆಯುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಿನಿಂದ ಜಿಡ್ಡು ತೊಳೆದು, ಕಾಕ್ ಬಿಚ್ಚಿದ ತೂತಿಗೆ ಬಿರಡೆ ಹಾಕಬೇಕು. ಚೈನಿನ ಕೆಲಸ ಮುಗಿದ ಮೇಲೆ ಲೀಟರ್ ಬಿಸಿನೀರಿಗೆ 50 ಗ್ರಾಂನಂತೆ ನಿಂಬೆ ಉಪ್ಪು ಕರಗಿಸಿ ಬಾಯಿತನಕ ತುಂಬಿ ಒಂದು ದಿನ ಬಿಡಬೇಕು. ಹೆಚ್ಚು ದಿನ ಬಿಟ್ಟರೆ ಹುಳಿ ತಗಡನ್ನೂ ತಿನ್ನುತ್ತದೆ. ‘ಅವ್ವ ತಾಮ್ರದ ಕೊಡಕ್ಕ ಹುಣಸಿಹಣ್ಣು ತಿಕ್ಕ್ತಿದ್ಲು. ಇದೂ ಅದರ ಜಾತೀನೇ.’ ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ತಡಮಾಡದೆ ಒಣಗಿಸಬೇಕು. ಬರಿಮೈ ತಗಡು ಸ್ವಲ್ಪ ಹೊತ್ತಿಗೇ ಮತ್ತೆ ಕೆಂಪಾಗುತ್ತದೆ. ಅದಕ್ಕೇ ಕೊನೆಗೆ ಆಯಿಲ್ ಸುರಿದು ಒಳಗೆಲ್ಲ ಹರಡುವಂತೆ ತಿರುಗಿಸುತ್ತಾರೆ. ಖಾಲಿ ಟಾಕಿಯಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಬೀಡಿ ಸೇದುವವರನ್ನು ಕಾಕಾ ಅಂಗಳಕ್ಕೇ ಬಿಟ್ಟುಕೊಳ್ಳುವುದಿಲ್ಲ.

ಅಂದು ತೂಗಿದ ಟಾಕಿ ಒಬ್ಬ ಹುಡುಗನ ಅಜ್ಜನದು. ಗಾಡಿ ಓಡಿಸುವ ಆಸೆ ಅವನಿಗಿಲ್ಲ, ಒಮ್ಮೆ ಚಾಲೂ ಆದರೆ ಸಾಕಂತೆ. ಅಜ್ಜಿ ಆ ಸದ್ದು ಕೇಳಬೇಕು ಅಂದಿದ್ದಾಳೆ.

ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಿದೆ. ಜಂಗು ಉದುರಿದ ಕಡೆ ತಗಡು ಬೆಳ್ಳಗೆ ಹೊಳೆಯಿತು. ಕಾಕಾ ಕೌದಿ ಝಾಡಿಸಿ, ಸವೆದ ಮೂಲೆಯ ಹೊಲಿಗೆ ಬೆರಳಿನಿಂದ ಮುಟ್ಟಿ ನೋಡಿದರು. ‘ಇಂಥಾ ಕೌದಿ ಹೊಲಿಯವ್ರು ಈಗ ಮನ್ಯಾಗ ಯಾರೂ ಇಲ್ರಿ’ ಎಂದು ಮಡಚಿ ಇಟ್ಟರು.