15 ಗ್ರಾಂ ತೂಕದ ಒಲೆ

ಅಮೆರಿಕದ ಜಾರ್ಜಿಯಾದಿಂದ ಮೇನ್ ಪ್ರಾಂತದವರೆಗೆ, ಬೆಟ್ಟಸಾಲುಗಳ ಮೇಲೆ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲೇಶಿಯನ್ ಎಂಬ ಕಾಲುಹಾದಿ ಸಾಗಿದೆ. ಅದನ್ನು ಒಂದೇ ಯಾತ್ರೆಯಲ್ಲಿ ಕ್ರಮಿಸುವವರು ಐದಾರು ತಿಂಗಳು ಸಂಸಾರವನ್ನೇ ಬೆನ್ನ ಮೇಲೆ ಹೊರಬೇಕು. ಒಂದೊಂದು ತೊಲದ ಭಾರವೂ ಅವರಿಗೆ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಅವರಲ್ಲಿ ಕೆಲವರು ಅಂಗಡಿಯ ಸ್ಟೌವನ್ನು ತೊರೆದು, ತಂಪುಪಾನೀಯದ ಬರಿದಾದ ಡಬ್ಬಿಗಳಿಂದ ತಾವೇ ಒಲೆ ಮಾಡಿಕೊಳ್ಳುತ್ತಾರೆ. ಅದರ ತೂಕ 15 ಗ್ರಾಂ ಆಸುಪಾಸು!

ಎರಡು ಅಲ್ಯುಮಿನಿಯಂ ಡಬ್ಬಿಗಳ ತಳಭಾಗಗಳನ್ನು ಎರಡು ಬೆರಳು ಎತ್ತರಕ್ಕೆ ಕತ್ತರಿಸಿ, ಒಂದನ್ನು ಇನ್ನೊಂದರ ಮೇಲೆ ಬೋರಲಾಗಿ ಬಿಗಿದು ಕೂರಿಸುತ್ತಾರೆ. ಮೇಲಿನದರ ನಡುಭಾಗವನ್ನು ಕತ್ತರಿಸಿ ತೆಗೆದು, ಅಂಚಿನ ಸುತ್ತ ಸೂಜಿಯಿಂದ ರಂಧ್ರಗಳನ್ನು ಕೊರೆಯುತ್ತಾರೆ. ಒಳಗೆ ಅದೇ ತಗಡಿನ ಸುರುಳಿಯೊಂದು ಗೋಡೆಯಾಗಿ ನಿಲ್ಲುತ್ತದೆ. ನಡುವೆ ಎರಡು ದೊಡ್ಡ ಚಮಚ ಸ್ಪಿರಿಟ್ ಸುರಿದು ಕಿಡಿ ತಾಗಿಸಿದರೆ ಮೊದಲು ನಡುವಿನದು ಉರಿಯುತ್ತದೆ. ತಗಡು ಕಾದಂತೆ ಗೋಡೆಯಾಚೆಗಿನ ಸ್ಪಿರಿಟ್ ಆವಿಯಾಗಿ ರಂಧ್ರಗಳಿಂದ ಹೊಮ್ಮಿ, ಉರಿಯ ಬಳೆಯೊಂದು ಮೂಡುತ್ತದೆ. ಅರ್ಧ ಲೀಟರ್ ನೀರು ಕುದಿಯಲು ಇಷ್ಟು ಸಾಕು.

ಆದರೆ ಇಲ್ಲಿ ಒಲೆಗಿಂತ ಮುಕ್ಕಾಲಿಯೇ ಮುಖ್ಯವೆಂದು ನನ್ನ ಅಭಿಪ್ರಾಯ. ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಟ್ಟರೆ ನಡುವಿನ ಉರಿ ಗಾಳಿಯಿಲ್ಲದೆ ಕಟ್ಟುತ್ತದೆ. ಬಹಳ ಎತ್ತರಿಸಿದರೆ ಶಾಖ ಗಾಳಿಯ ಪಾಲು. ಎರಡೂ ಕಡೆ ನಿಂದೆ ಬರುವುದು ಪಾಪ, ಒಲೆಗೆ. ಒಂದು ಅಂಗುಲದಷ್ಟು ಅಂತರ ಸಾಮಾನ್ಯವಾಗಿ ಹಿತಕರ. ಇದಕ್ಕಾಗಿ ಸೈಕಲ್ಲಿನ ಕಡ್ಡಿಗಳನ್ನು ಬಗ್ಗಿಸುವವರುಂಟು, ತಂತಿಬಲೆಯನ್ನು ಸುರುಳಿ ಸುತ್ತುವವರುಂಟು. ಹೇಗೆ ಮಾಡಿದರೂ ಕಾಲುಗಳು ಒಲೆಗಿಂತ ಅಗಲವಾಗಿ ಊರಿರಬೇಕು. ಹಗುರ ಒಲೆಯ ಮೇಲೆ ಅರ್ಧ ಕಿಲೋ ನೀರು ನಿಲ್ಲುವುದೆಂಬುದನ್ನು ಮರೆಯಬಾರದು.

ಮಗುಚಿದರೆ ಆಗುವ ಅನಾಹುತ ಕಲ್ಪನೆಯದಲ್ಲ. ಸ್ಪಿರಿಟ್ಟಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿತೆಂದು ಭಾವಿಸಿ ಮತ್ತೆ ಸುರಿದು ಕೈ ಸುಟ್ಟುಕೊಂಡವರಿದ್ದಾರೆ. 2012ರ ಮೇ ತಿಂಗಳಲ್ಲಿ ಕೊಲರಾಡೊದ ಹ್ಯೂಲೆಟ್ ಗಲ್ಚ್ ಎಂಬಲ್ಲಿ ಬಿಡಾರ ಹೂಡಿದವನೊಬ್ಬನ ಸ್ಪಿರಿಟ್ ಒಲೆಯಿಂದ ಹೊತ್ತಿದ ಬೆಂಕಿ 7,600 ಎಕರೆಗೂ ಮಿಕ್ಕಿ ಕಾಡನ್ನು ದಹಿಸಿತು. ತಿರುಗಿಸಿ ಆರಿಸುವ ಕೀಲಿಯಿಲ್ಲದ ಇಂಥ ಒಲೆಗಳನ್ನು ಪಶ್ಚಿಮ ಅಮೆರಿಕದ ಅನೇಕ ಅರಣ್ಯಗಳಲ್ಲಿ ಕಾಳ್ಗಿಚ್ಚಿನ ನಿರ್ಬಂಧವಿರುವ ದಿನಗಳಲ್ಲಿ ಹೊತ್ತಿಸುವಂತಿಲ್ಲ. ಆಗ ಪಾದಚಾರಿಗಳು ಕೀಲಿಯಿರುವ ಗ್ಯಾಸ್ ಒಲೆಯ ಹೆಚ್ಚಿನ ಭಾರವನ್ನು ಹೊತ್ತೇ ನಡೆಯುತ್ತಾರೆ.