ಬಿದಿರಿಲ್ಲದ ಮಾನ್ವಿಯಲ್ಲಿ ಮೇದಾರರಿಗೆ ಯಾವ ನೆರವು?

ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಬಯಲು ನಾಡಾದ ಮಾನ್ವಿಯಲ್ಲಿ ಬಿದಿರಿನ ಕಾಡಿಲ್ಲ. ಆದರೂ ರಾಶಿಗೆ ಮೊರ, ಅಡುಗೆಮನೆಗೆ ರೊಟ್ಟಿಬುಟ್ಟಿ, ಮದುವೆಗೆ ಬಾಗಿನದ ಮೊರ ಬೇಕಾದಾಗ ಈ ಭಾಗದ ಜನ ಹೋಗುತ್ತಿದ್ದುದು ಮೇದಾರರ ಮನೆಗೆ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕವೂ ಇದೇ. ಎಡದಂಡೆ ಕಾಲುವೆಯ ಗದ್ದೆಗಳಿಗೆ ಕಟಾವು ಯಂತ್ರ ಬಂದಿತು, ಅಂಗಡಿಗಳಿಗೆ ಪ್ಲಾಸ್ಟಿಕ್ ಬಂದಿತು. ಬೇಡಿಕೆ ಕುಗ್ಗಲು ಅಷ್ಟೇ ಸಾಕಾಯಿತು.

ಮೇದಾರರು ಕುಶಲಕರ್ಮಿಗಳೂ ಹೌದು, ಪರಿಶಿಷ್ಟ ಪಂಗಡದವರೂ ಹೌದು. ಕರ್ನಾಟಕದ ಪಂಗಡಗಳ ಪಟ್ಟಿಯಲ್ಲಿ ‘ಮೇದ’ ಮೊದಲೇ ಇತ್ತು. ಮೇದಾರಿ, ಗೌರಿಗ, ಬುರುಡ ಎಂಬ ಹೆಸರುಗಳು ಸೇರಿದ್ದು 2003ರ ತಿದ್ದುಪಡಿಯಿಂದ. ಮಾನ್ವಿ, ದೇವದುರ್ಗ ವಿಧಾನಸಭಾ ಕ್ಷೇತ್ರಗಳೆರಡೂ ಪಂಗಡಕ್ಕೆ ಮೀಸಲು. ಆದರೆ ಇಲ್ಲಿ ಪಂಗಡವೆಂದರೆ ಬಹುಮಟ್ಟಿಗೆ ನಾಯಕ ಸಮುದಾಯ. ಮೇದಾರರು ಎಣಿಕೆಗೆ ಸಿಗದಷ್ಟು ಸಣ್ಣ ಗುಂಪು.

ಹಾಗಾದರೆ ಅವರಿಗೆ ದೊರೆಯುವುದೇನು? 2023ರ ನವೆಂಬರ್‌ನಲ್ಲಿ ಆರಂಭವಾದ ‘ಪಿಎಂ ಜನಮನ್’ ಯೋಜನೆ ಅತಿ ದುರ್ಬಲ ಬುಡಕಟ್ಟುಗಳಿಗೆ ಮಾತ್ರ. ರಾಜ್ಯದಲ್ಲಿ ಅದು ಅನ್ವಯಿಸುವುದು ಜೇನುಕುರುಬ ಮತ್ತು ಕೊರಗರಿಗೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು, ಅದರ ಮೇಲಿನ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ಬಯಲಿನ ಪಟ್ಟಣದಲ್ಲಿ ಬಿದಿರು ಸೀಳುವವನಿಗೆ ಇದರಿಂದ ಪ್ರಯೋಜನವಿಲ್ಲ.

ತೆರೆದಿರುವ ಬಾಗಿಲು ‘ಪಿಎಂ ವಿಶ್ವಕರ್ಮ’. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಈ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ತಯಾರಿಕೆಯೂ ಸೇರಿದೆ. ತರಬೇತಿಯ ವೇಳೆ ದಿನಕ್ಕೆ 500 ರೂ. ಭತ್ಯೆ, ಉಪಕರಣಗಳಿಗೆ 15,000 ರೂ., ಶೇ 5ರ ಬಡ್ಡಿಯಲ್ಲಿ ಜಾಮೀನಿಲ್ಲದೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂ. ಸಾಲ. ಕುಟುಂಬಕ್ಕೆ ಒಬ್ಬರಿಗಷ್ಟೇ ಅವಕಾಶ.

ನೆರವು ಸಣ್ಣದೇನಲ್ಲ. ಆದರೆ ಮೇದಾರನಿಗೆ ಬೇಕಾದ ಮುಖ್ಯ ಉಪಕರಣ ಒಂದು ಹರಿತವಾದ ಕತ್ತಿ; ಅದು ಅವನ ಬಳಿ ಆಗಲೇ ಇದೆ. ಇಲ್ಲದಿರುವುದು ಹಸಿ ಬಿದಿರು. ಒಣಗಿದ ಬಿದಿರು ತೆಳುವಾಗಿ ಸೀಳಿಬರುವುದಿಲ್ಲ. ಬಿದಿರು ಬೆಳೆಯುವ ದಾಂಡೇಲಿ ಕಾಡು ಇಲ್ಲಿಂದ ಸುಮಾರು ಮುನ್ನೂರು ಕಿ.ಮೀ. ದೂರ. ಮೇದಾರರಿಗೆ ರಿಯಾಯಿತಿ ದರದಲ್ಲಿ ಬಿದಿರು ನೀಡುವ ಪದ್ಧತಿ ಅರಣ್ಯ ಇಲಾಖೆಯಲ್ಲಿದ್ದರೂ, ಸಾಗಣೆ ವೆಚ್ಚ ಆ ರಿಯಾಯಿತಿಯನ್ನು ನುಂಗುತ್ತದೆ.

ಈ ಕೊರತೆ ಹೊಸದಲ್ಲ. ಕಾಗದ ಕಾರ್ಖಾನೆಗಳಿಂದ ಬಿದಿರು ಬರಿದಾಗುತ್ತಿದೆ ಎಂದು ಬುಟ್ಟಿ ಹೆಣೆಯುವವರು ದೂರಿದ ಬಳಿಕವೇ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನ ಕೈಗೊಂಡರು. ಕಾರ್ಖಾನೆಗೆ ಆರಂಭದಲ್ಲಿ ಟನ್‌ಗೆ ಒಂದೂವರೆ ರೂಪಾಯಿಯಂತೆ ಬಿದಿರು ದೊರೆಯುತ್ತಿತ್ತು ಎಂಬುದನ್ನು ಅವರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವವರಿಗೆ ಆ ದರವೆಲ್ಲಿ?

ಅರಣ್ಯದ ಹೊರಗೆ ಬೆಳೆದ ಬಿದಿರು ಈಗ ಕಾನೂನಿನ ದೃಷ್ಟಿಯಲ್ಲಿ ‘ಮರ’ವಲ್ಲ. 2017ರ ಸುಗ್ರೀವಾಜ್ಞೆ ಹಾಗೂ ಅದರ ಬೆನ್ನಿಗೆ ಬಂದ ಕಾಯ್ದೆ, ಅದನ್ನು ಭಾರತೀಯ ಅರಣ್ಯ ಕಾಯ್ದೆಯ ಕಟ್ಟಿನಿಂದ ಬಿಡಿಸಿದವು. 2018ರಲ್ಲಿ ಪುನರ್ರಚನೆಗೊಂಡ ರಾಷ್ಟ್ರೀಯ ಬಿದಿರು ಮಿಷನ್ ಖಾಸಗಿ ಜಮೀನಿನಲ್ಲಿ ಬಿದಿರು ನೆಡಲು ಸಹಾಯಧನ ನೀಡುತ್ತದೆ. ಮಾನ್ವಿಯ ಕಾಲುವೆ ಬದಿಗಳಲ್ಲಿ ನೆಟ್ಟರೆ ನಾಲ್ಕೈದು ವರ್ಷಕ್ಕೆ ಕಟಾವಿಗೆ ಬಂದೀತು. ಆದರೆ ಸಹಾಯಧನ ಸಲ್ಲುವುದು ಜಮೀನು ಉಳ್ಳವರಿಗೆ. ಬುಟ್ಟಿಯನ್ನೇ ನಂಬಿದ ಮನೆಗಳಲ್ಲಿ ಬಹುತೇಕರ ಬಳಿ ಇರುವುದು ಅಂಗಳ ಮಾತ್ರ.